ಬೆನ್ನುಹುರಿಯ ಚೀಲ

ರಂಜಿತಳ ಬೆನ್ನಿನ ಎಂಆರ್‌ಐ ಚಿತ್ರಗಳನ್ನು ಮೂರನೇ ಸಲ ನೋಡಿ ಡಾಕ್ಟರ್ ಪ್ರಜ್ಞ ಎದ್ದು ಹೊರಗೆ ಬಂದರು. ಪಾಂಡವಪುರದ ಆ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವರು ರೋಗಿಯ ಮುಖ ನೋಡುವುದೇ ಅಪರೂಪ. ಚಿತ್ರ ನೋಡಿ ವರದಿ ಬರೆಯುವುದಷ್ಟೇ ಅವರ ಕೆಲಸ. ಬೇರೆ ಕಡೆ ಮಾಡಿಸಿದ್ದ ಹಳೆಯ ವರದಿಯಲ್ಲಿ ‘ನರದ ಬುಡದಲ್ಲಿ ನೀರುಗುಳ್ಳೆ’ ಎಂದಿತ್ತು. ಅದನ್ನು ತೆಗೆಯಲು ಸೋಮವಾರ ಆಪರೇಷನ್ ನಿಗದಿಯಾಗಿತ್ತು.

ಬೆಂಚಿನ ಮೇಲೆ ತಾಯಿ ಚಲುವಮ್ಮನ ಪಕ್ಕ ರಂಜಿತ ಕೂತಿದ್ದಳು. ಇಪ್ಪತ್ತಾರು ವರ್ಷ, ದೇವಲಾಪುರದ ಹಾಲಿನ ಡೈರಿಯಲ್ಲಿ ಕೆಲಸ.

“ಸ್ವಲ್ಪ ಎದ್ದು ನಿಲ್ಲಮ್ಮ.”

ಹುಡುಗಿ ಡಾಕ್ಟರಿಗಿಂತ ಒಂದು ತಲೆ ಎತ್ತರವಿದ್ದಳು. ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಹಿಡಿಯಲು ಹೇಳಿದರು. ಬೆರಳಿನ ತುದಿ ಮುಷ್ಟಿಯ ಆಚೆ ಬದಿಯಿಂದ ಹೊರಗೆ ಬಂತು.

“ಗುಳ್ಳೆಯಾಗಿದ್ದರೆ ನರದ ಪಕ್ಕ ಬೇರೆಯಾಗಿ ಕಾಣ್ತಿತ್ತು. ಇಲ್ಲಿ ಬೆನ್ನುಹುರಿ ಸುತ್ತಲಿನ ಚೀಲವೇ ಹಿಗ್ಗಿ ಮೂಳೆ ಸವೆಸಿದೆ. ಕೆಲವರಿಗೆ ಹುಟ್ಟಿನಿಂದಲೇ ಮೈಯೊಳಗಿನ ಕಟ್ಟು ಸಡಿಲ ಇರುತ್ತೆ. ಹೀಗೇ ಎತ್ತರ, ಉದ್ದ ಬೆರಳು, ಹೆಚ್ಚಾಗಿ ಮನೆತನದಲ್ಲೇ ಬರೋದು. ಅಂಥವರಿಗೆ ಎದೆಯ ದೊಡ್ಡ ರಕ್ತನಾಳವೂ ಹಿಗ್ಗಿ ಒಡೀಬಹುದು. ಆಪರೇಷನ್ ನಿಲ್ಲಿಸೋಕೆ ನಾನೇ ಫೋನ್ ಮಾಡ್ತೀನಿ. ಮೊದಲು ಹೃದಯದ ಎಕೋ ಮಾಡಿಸಿ.” ಆಮೇಲೆ ಚಲುವಮ್ಮನ ಕಡೆ ತಿರುಗಿ ಕೇಳಿದರು, “ಮನೇಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ?”

“ಇವಳಪ್ಪ,” ಎಂದಳು ಚಲುವಮ್ಮ. “ಇಂಗೇ ಉದ್ದಕ್ಕಿದ್ರು. ಉಂಡು ಕೈ ತೊಳ್ಕಂಡು ಎದ್ದವ್ರು ಎದೆ ಹಿಡ್ಕಂಡು ಬಿದ್ಬುಟ್ರು. ಮೂವತ್ತೆಂಟು ವರ್ಸ.”

ಉಳಿದದ್ದನ್ನು ರಂಜಿತ ಹೇಳಿದಳು. “ಅಮ್ಮನೇ ಊಟದಲ್ಲಿ ಏನೋ ಆಕ್ಬುಟ್ಲು ಅಂದ್ರು ಮೇಡಂ. ಅಜ್ಜಿ ಇವತ್ಗೂ ಅಮ್ಮನ ಕೈಲಿ ಒಂದ್ ಲೋಟ ನೀರು ಇಸ್ಕೊಳಲ್ಲ.”

ಎಂಟು ದಿನ ಬಿಟ್ಟು ಇಬ್ಬರೂ ಮತ್ತೆ ಬಂದರು. ಮೈಸೂರಿನಲ್ಲಿ ಮಾಡಿಸಿದ ಎಕೋದಲ್ಲಿ, ಹೃದಯದಿಂದ ಹೊರಡುವ ರಕ್ತನಾಳ ಹಿಗ್ಗಿರುವುದು ಕಂಡಿತ್ತು. ಒಡೆಯುವ ಮೊದಲೇ ಸಿಕ್ಕಿತ್ತು. ದಿನವೂ ಮಾತ್ರೆ, ಆರು ತಿಂಗಳಿಗೊಮ್ಮೆ ಪರೀಕ್ಷೆ. ಇನ್ನೂ ಹಿಗ್ಗಿದರೆ ಆಪರೇಷನ್. ಹಾಲಿನ ಕ್ಯಾನು ಎತ್ತುವಂತಿಲ್ಲ. ಇದನ್ನೆಲ್ಲ ರಂಜಿತ ಬೇರೆ ಯಾರದೋ ಸುದ್ದಿಯೆಂಬಂತೆ ಹೇಳಿದಳು. ಹೇಳುವಾಗ ತಾಯಿಯ ಸೆರಗಿನ ತುದಿ ಅವಳ ಕೈಯಲ್ಲಿತ್ತು.

“ಮಗಳನ್ನ ಉಳಿಸ್ಕೊಟ್ರಿ,” ಎಂದಳು ಚಲುವಮ್ಮ. “ಇನ್ನೊಂದು ಕೆಲ್ಸ ಮಾಡ್ಕೊಡಿ ಮೇಡಂ. ಇವಳಪ್ಪನೂ ಇದ್ರಿಂದ್ಲೇ ತೀರ್ಕಂಡ್ರು ಅಂತ ಒಂದು ಚೀಟಿ ಬರ್ಕೊಡಿ. ನಮ್ಮತ್ತೆಗೆ ಎಂಬತ್ತಾಯ್ತು. ಅವ್ರು ಇರೋವಾಗ್ಲೇ ಓದುಸ್ಬೇಕು.”

ಪ್ರಜ್ಞ ಪೆನ್ನು ತೆಗೆದುಕೊಂಡರು, ಬರೆಯಲಿಲ್ಲ.

“ನಾನು ಅವರನ್ನ ನೋಡಿಲ್ಲಮ್ಮ. ಇದರಿಂದಲೇ ಅಂತ ಖಂಡಿತವಾಗಿ ಹೇಗೆ ಬರೀಲಿ? ಅನುಮಾನ ಇದೆ ಅಂತ ಬೇಕಾದರೆ ಬರೀಬಹುದು.”

“ಅನುಮಾನ ಅಂತ್ಲೇ ಬರೀರಿ,” ಎಂದಳು ಚಲುವಮ್ಮ. “ಅದಿನೆಂಟು ವರ್ಸದಿಂದ ನನ್ ಮ್ಯಾಲಿರೋದೂ ಅದೇ ಅಲ್ವಾ.”