ಹತ್ತು ಪಿನ್ನು

ಸೂಜಿ ಚುಚ್ಚಿಡುವ ಮೆತ್ತೆಯಲ್ಲಿ ಹತ್ತು ಪಿನ್ನುಗಳಿದ್ದವು. ಸೊಸೆ ಇನ್ನೊಮ್ಮೆ ಎಣಿಸಿದಳು, ಹತ್ತೇ. ಹೊಟ್ಟೆಯಲ್ಲಿ ಮಗು ಒದ್ದಾಗಲೆಲ್ಲ ಒಂದು ಪಿನ್ನು ಚುಚ್ಚುವುದು ಅವಳದೇ ಉಪಾಯ. ಎರಡು ಗಂಟೆಯಲ್ಲಿ ಹತ್ತಾಗದಿದ್ದರೆ ಕಾಯದೆ ಆಸ್ಪತ್ರೆಗೆ ಬಂದುಬಿಡು ಎಂದಿದ್ದಳು ನರ್ಸ್. ಆದರೆ ಈಗಷ್ಟೇ ಗುಂಡಿ ತರಲು ಪಕ್ಕದ ಅಂಗಡಿಗೆ ಹೋಗುವಾಗ ನಾಲ್ಕೇ ಇದ್ದ ನೆನಪು.

ಬಗ್ಗಿ ನೋಡಿದಳು. ಆರು ಪಿನ್ನು ಎಡಕ್ಕೆ ವಾಲಿದ್ದವು. ತಮ್ಮ ಹೊಲಿಗೆ ಅಂಗಡಿಯಲ್ಲಿ ಎಡಚರೆಂದರೆ ಅತ್ತೆ ಒಬ್ಬರೇ.

"ಇದೇನತ್ತೆ?"

ಹಿಡಿದ ಹೊಲಿಗೆ ಮುಗಿಯುವ ತನಕ ನೀರಿಗೂ ಏಳದ ಅತ್ತೆ, ಮಷಿನ್ನಿನಿಂದ ತಲೆ ಎತ್ತದೆಯೇ ಹೇಳಿದರು. "ಬೆಳಗ್ಗೆಯಿಂದ ನೀನು ಕೂತಲ್ಲಿ ಕೂರ್ತಿಲ್ಲ, ನಿಂತಲ್ಲಿ ನಿಲ್ತಿಲ್ಲ. ಹತ್ತು ಕಂಡ್ರೆ ಜೀವಕ್ಕೆ ಸಮಾಧಾನ ಆಗುತ್ತೆ ಅಂತ ನಾನೇ ಚುಚ್ಚಿದೆ ಕಣೇ. ಮಗು ಮಲಗಿರುತ್ತೆ ಬಿಡು. ನಿನ್ನ ಗಂಡನೂ ಹೊಟ್ಟೇಲಿ ಹಿಂಗೇ ಸೋಮಾರಿ."

ಸೊಸೆ ಅತ್ತೆಯ ಎಡಗೈ ಹಿಡಿದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ಅತ್ತೆ ಕಾದರು. ಅಂಗೈ ಚೂರು ಸರಿಸಿ ಮತ್ತೆ ಕಾದರು. ಆಮೇಲೆ ಅರ್ಧ ಹೊಲಿದ ತೋಳನ್ನು ಸೂಜಿಯ ಕೆಳಗೇ ಬಿಟ್ಟು ಎದ್ದರು. ಬಾಗಿಲ ಬಳಿಯಿದ್ದ ಸೊಸೆಯ ಚಪ್ಪಲಿಯನ್ನು ಕೈಯಲ್ಲೇ ಎತ್ತಿ ತಂದು ಅವಳ ಕಾಲ ಮುಂದಿಟ್ಟರು.