ಬಾವಿಗೆ ಬಿದ್ದ ಹುಲಿ

ಈಗಲೂ ಗೋಂದಿನ ವಾಸನೆ ಬಂದರೆ ನನ್ನ ತಲೆಯೊಳಗೆ ಒಂದು ಹುಲಿ ಬಾವಿಗೆ ಬೀಳುತ್ತದೆ.

ಮೈಲಾಪೂರಿನಲ್ಲಿ ಅಪ್ಪನ ಹೋಟೆಲಿನ ಹಿಂದಿನ ಓಣಿಯಲ್ಲಿ ತಮಿಳು ಮಾಮಿಯೊಬ್ಬರು ಪುಟ್ಟ ಪುಸ್ತಕದಂಗಡಿ ಇಟ್ಟಿದ್ದರು. ಒಂದು ಮಧ್ಯಾಹ್ನ ನಾನೂ ಅಜ್ಜಿಯೂ ಹೋದಾಗ ಅವರು ಹರಿದ ಪುಸ್ತಕಗಳಿಗೆ ಗೋಂದು ಹಚ್ಚುತ್ತ ಕೂತಿದ್ದರು. ಅಜ್ಜಿಯನ್ನು ಕಂಡದ್ದೇ, ರಟ್ಟು ಕಳಚಿದ ಕನ್ನಡ ಪುಸ್ತಕವೊಂದನ್ನು ತಲೆಕೆಳಗಾಗಿ ಹಿಡಿದು, ಇದು ಯಾವುದೆಂದು ಕೇಳಿದರು.

ಅಜ್ಜಿ ಅದನ್ನು ನೆಟ್ಟಗೆ ತಿರುಗಿಸಿ, ಸ್ಟೂಲಿನ ಮೇಲೆ ಕೂತು ನನಗೆ ಓದಿ ಹೇಳತೊಡಗಿದರು. ಮದುವೆಯ ದಿಬ್ಬಣ ಹೊರಟಿತ್ತು. ದಾರಿಯಲ್ಲಿ ಹುಲಿ ಬಂತು. ಮದುಮಗ ಮರ ಹತ್ತಿದ, ಹುಲಿ ಹಾರಿದ್ದು ಸೀದಾ ಬಾವಿಗೆ. ಅಷ್ಟಕ್ಕೆ ಅಜ್ಜಿ ಪುಸ್ತಕ ಮುಚ್ಚಿ, "ಕಾಫಿಗೆ ಹೊತ್ತಾಯ್ತು" ಎಂದು ಎದ್ದೇಬಿಟ್ಟರು.

"ಅಪ್ಪುರಂ ಎನ್ನಾಚ್ಚು ಅಜ್ಜಿ?" ಎಂದೆ. ಕನ್ನಡ ಅರ್ಥವಾಗುತ್ತಿದ್ದರೂ ನನ್ನ ಬಾಯಿಗೆ ಬರುತ್ತಿದ್ದದ್ದು ತಮಿಳೇ.

"ಮುಂದೆ ಏನಾಯ್ತೂಂತ ಪುಸ್ತಕದಲ್ಲಿ ಉಂಟು, ಪುಸ್ತಕ ಅಂಗಡಿಯಲ್ಲಿ ಉಂಟು. ನನ್ನನ್ನು ಎಂತ ಕೇಳುವುದು ಮಾರಾಯ್ತಿ? ನೀನೇ ಓದು."

ಅತ್ತರೂ ಕಾಡಿದರೂ ಅಜ್ಜಿ ಜಗ್ಗಲಿಲ್ಲ. ಬೇಸಿಗೆ ರಜೆಯಿಡೀ ಸಿಟ್ಟಿನಲ್ಲೇ ಅವರಿಂದ ಅಕ್ಷರ ಕಲಿತೆ. ಆಮೇಲೆ ಮಾಮಿಯ ಅಂಗಡಿಗೆ ಓಡಿ, ಅದೇ ಪುಸ್ತಕ ತೆಗೆದು, ಸಾಲಿನ ಮೇಲೆ ಬೆರಳಿಟ್ಟು ಓದಿದೆ: ಜೇನುಪೆಟ್ಟಿಗೆಯನ್ನು ನೆರಳಿನಲ್ಲಿ ಇಡಬೇಕು. ಪುಟ ಮಗುಚಿದೆ. ಕೊನೆಯವರೆಗೂ ಬರೀ ಜೇನುನೊಣ.

ಮನೆಗೆ ಬಂದವಳೇ ಕಿರುಚಿದೆ: "ಸುಳ್ಳು ಅಜ್ಜಿ! ಅದರಲ್ಲಿ ಹುಲಿ ಎಲ್ಲಿ ಉಂಟು?"

ಅಜ್ಜಿ ಅಡುಗೆಮನೆಯ ಕಡೆ ತಿರುಗಿ ಅಮ್ಮನನ್ನು ಕೂಗಿದರು: "ಬೇಗ ಬಾ, ನಿನ್ನ ಮಗಳು ಕನ್ನಡದಲ್ಲಿ ಜಗಳಕ್ಕೆ ಬಂದಿದ್ದಾಳೆ!"