ಒಂದು ಸಾಲು ಕೆಳಗೆ

"ಇದರ ಮೇಲೆ ನನ್ನಿಂದ ಕೂರಕ್ಕಾಗಲ್ಲ," ಎನ್ನುತ್ತ ರೋಶೆಲ್ ಬೈಕಿನಿಂದ ಇಳಿದು ಹೆಲ್ಮೆಟ್ ತೆಗೆದಳು. ಅಭ್ಯಾಸಕ್ಕೆಂದು ಟ್ರ್ಯಾಕಿಗೆ ಹೋದವಳು ಎರಡೇ ಸುತ್ತಿಗೆ ವಾಪಸು ಬಂದಿದ್ದಳು. "ಮೊಣಕಾಲು ಬಂದು ಕಿವಿಗೆ ತಾಗ್ತಿದೆ. ಫುಟ್‌ರೆಸ್ಟ್ ಒಂದು ಸಾಲು ಇಳಿಸಿ."

ಸ್ಲಾವ್ಕೋಗೆ ಮೈ ಉರಿಯಿತು. ಮಾನಿಟೋಬಾದ ಈ ಹಳೆಯ ರನ್‌ವೇ ಮೇಲೆ ನಡೆಯುವ ಜೋಡಿ ರೇಸಿನಲ್ಲಿ ಬೈಕು ಒಂದು, ಸವಾರರು ಇಬ್ಬರು. ಒಬ್ಬ ಇಳಿದು ಇನ್ನೊಬ್ಬ ಹತ್ತುವ ನಡುವೆ ಪೆಟ್ರೋಲು ತುಂಬಿಸಲಷ್ಟೇ ಪುರುಸೊತ್ತು. ಬೋಲ್ಟು ಬಿಚ್ಚಿ ಕಾಲಿನ ಜಾಗ ಬದಲಿಸುತ್ತ ಕೂತರೆ ರೇಸು ಮುಗಿದೇ ಹೋಗುತ್ತದೆ. ಹಾಗಾಗಿ ಜೋಡಿಯಲ್ಲಿ ವೇಗ ಯಾರದೋ ಅವರ ಕಾಲಿಗೆ ತಕ್ಕಂತೆ ಬೈಕು ಹೊಂದಿಸುವುದು, ಇನ್ನೊಬ್ಬರು ಸುಮ್ಮನೆ ಹೊಂದಿಕೊಂಡು ಹೋಗುವುದು ಇಲ್ಲಿನ ರೂಢಿ. ವೇಗ ಮೊದಲಿಂದಲೂ ಸ್ಲಾವ್ಕೋನದು, ಆಳು ಗಿಡ್ಡ. ಫುಟ್‌ರೆಸ್ಟ್ ಕೂರಿಸುವ ಬೋಲ್ಟುಗಳಿಗೆ ಎರಡು ಸಾಲುಗಳಿದ್ದವು, ಅವನದು ಮೇಲಿನ ಸಾಲು.

"ಕಾರ್ನಿ ನಿನಗಿಂತ ಒಂದು ಗೇಣು ಎತ್ತರ ಕಣಮ್ಮ," ಎಂದ. "ಇಷ್ಟು ವರ್ಷ ಇದೇ ಬೈಕು ಓಡಿಸಿದ. ಒಂದು ದಿನ ಕಿವಿ, ಮೊಣಕಾಲು ಅಂತ ರಾಗ ತೆಗೀಲಿಲ್ಲ."

"ಅದಕ್ಕೇ ತಾನೆ ಈಗ ಕೋಲು ಹಿಡ್ಕೊಂಡು ಅಲ್ಲಿ ಕೂತಿರೋದು," ಎಂದಳು ರೋಶೆಲ್.

ಕಾರ್ನಿ ಟ್ರ್ಯಾಕಿನ ಬೇಲಿಯ ಪಕ್ಕ ಮಡಚು ಕುರ್ಚಿ ಹಾಕಿಕೊಂಡು ಹೆಂಡತಿ ಕಟ್ಟಿಕೊಟ್ಟ ಸಾಸೇಜು ಬನ್ನು ತಿನ್ನುತ್ತಿದ್ದ. ಚಳಿಗಾಲದಲ್ಲಿ ಮೊಣಕಾಲಿನ ಆಪರೇಷನ್ ಆಗಿತ್ತು. ಇನ್ನು ಬೈಕಿನ ಆಸೆ ಬಿಡಿ ಎಂದು ಡಾಕ್ಟರು ಹೇಳಿದ ಮೇಲೆಯೇ ಅವನ ಜಾಗಕ್ಕೆ ಈ ಹುಡುಗಿ ಬಂದದ್ದು. "ನನ್ನ ಮೊಣಕಾಲು ನಿಮ್ಮ ಜಗಳಕ್ಕೆ ಯಾಕ್ರಪ್ಪ?" ಎಂದು ಅವನು ಬಾಯಿ ಒರೆಸಿಕೊಂಡ. "ಅದು ನಮ್ಮಪ್ಪ ಬಿಟ್ಟುಹೋದ ಆಸ್ತಿ. ಹೊಲ ಅಣ್ಣನಿಗೆ, ಮೊಣಕಾಲು ನನಗೆ."

ರೋಶೆಲ್ ನಕ್ಕಳು. ಸ್ಲಾವ್ಕೋಗೆ ನಗು ಬರಲಿಲ್ಲ. "ಕಾರ್ನಿ, ನಿಜ ಹೇಳು. ನೋಯ್ತಿತ್ತಾ?"

"ನಮ್ಮ ವಯಸ್ಸಿನಲ್ಲಿ ಯಾರಿಗೆ ಏನು ನೋಯಲ್ಲ?"

"ಒಂದು ಮಾತು ಹೇಳಬಾರದಿತ್ತೇನೋ?"

"ಹೇಳಿದ್ರೆ ನೀನು ಇಳಿಸ್ತಿದ್ದೆ. ಇಳಿಸಿದ್ರೆ ಬೀಳ್ತಿದ್ದೆ. ಮೊದಲನೇ ವರ್ಷ ನೋಡಿದ್ದು ಸಾಲದಾ ನಾನು?"

ಮೊದಲನೇ ವರ್ಷ ಫುಟ್‌ರೆಸ್ಟ್ ಕೆಳಗಿನ ಸಾಲಿನಲ್ಲೇ ಇತ್ತು. ತಿರುವಿನಲ್ಲಿ ಬೈಕು ವಾಲಿಸಿದಾಗ ಅದು ನೆಲಕ್ಕೆ ತಾಗಿ, ಚಕ್ರ ಎದ್ದು, ಸ್ಲಾವ್ಕೋ ದೂರಕ್ಕೆ ಹೋಗಿ ಬಿದ್ದಿದ್ದ. ಅವನ ಹೆಗಲಿನ ಮೂಳೆ ಕೂಡುವವರೆಗೆ ಅವನಿಗೆ ಶರ್ಟು ತೊಡಿಸಿದವನು ಕಾರ್ನಿ. ಆ ಮೇಲೆ ಬೋಲ್ಟುಗಳು ಮೇಲಕ್ಕೆ ಹೋದವು, ಅಲ್ಲೇ ಉಳಿದವು.

"ಆಮೇಲೆ ಹಿಂದಿನ ಸ್ಪ್ರಿಂಗು ಬದಲಾಯಿಸಿದೀರಲ್ವಾ?" ಎಂದು ರೋಶೆಲ್ ಬಗ್ಗಿ ನೋಡಿದಳು. "ಬೈಕು ಈಗ ಮುಂಚಿಗಿಂತ ಎತ್ತರಕ್ಕೆ ನಿಂತಿದೆ. ತಾಗೋದು ಹೇಗೆ? ಒಂದ್ಸಲನಾದ್ರೂ ಇಳಿಸಿ ನೋಡಿದ್ರಾ?"

ಸ್ಪ್ರಿಂಗು ಬದಲಾಯಿಸಿ ಎಷ್ಟೋ ವರ್ಷವಾಗಿತ್ತು. ಇಬ್ಬರೂ ನೋಡಿರಲಿಲ್ಲ. ಸ್ಲಾವ್ಕೋ ಸ್ಪ್ಯಾನರ್ ತೆಗೆದುಕೊಂಡು, ಗೊಣಗುತ್ತಲೇ ಎರಡೂ ಕಡೆ ಒಂದೊಂದು ಸಾಲು ಇಳಿಸಿದ. "ಬಿದ್ದರೆ ಪಾಪ ನಿನ್ನ ತಲೆಗೆ," ಎಂದು ಅವಳಿಗೆ ಹೇಳಿ ತಾನೇ ಹತ್ತಿದ. ಕಾರ್ನಿ ಜೇಬಿನಿಂದ ಸ್ಟಾಪ್‌ವಾಚ್ ತೆಗೆದ.

ಉದ್ದನೆಯ ಬಲ ತಿರುವಿನಲ್ಲಿ ಸ್ಲಾವ್ಕೋ ಬೈಕು ವಾಲಿಸಿ, ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದಿಗಾಗಿ ಕಾದ. ಬರಲಿಲ್ಲ. ಮುಂದಿನ ಸುತ್ತಿನಲ್ಲಿ ಹಲ್ಲು ಕಚ್ಚಿ ಇನ್ನಷ್ಟು ವಾಲಿಸಿದ. ಮೊಣಕಾಲಿನ ಕವಚ ನೆಲ ಸವರಿತು, ಫುಟ್‌ರೆಸ್ಟ್ ಸವರಲಿಲ್ಲ. ಕಾಲು ಹಾಯಾಗಿತ್ತು, ಬೈಕು ಹೇಳಿದ ಹಾಗೆ ಕೇಳುತ್ತಿತ್ತು. ರೋಶೆಲ್ ಬೆಳಿಗ್ಗೆ ಟ್ಯಾಂಕಿನ ಮುಂದೆ ಅಂಟಿಸಿದ್ದ ಪುಟ್ಟ ಗಡಿಯಾರದ ಮೇಲೆ ಸುತ್ತಿನ ಸಮಯ ಮೂಡಿತು. ಬೆಳಿಗ್ಗೆ ಮೇಲಿನ ಸಾಲಿನಲ್ಲಿ ತನಗೆ ಬಂದಷ್ಟೇ. ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರೇನೋ. ಅವನಿಗೆ ಹಳೆಯ ರೇಸುಗಳು ನೆನಪಾದವು. ತನ್ನ ಸರದಿ ಮುಗಿಸಿದ ಕಾರ್ನಿ ಬೈಕಿನಿಂದ ಇಳಿಯದೆ, ಟ್ಯಾಂಕು ಹಿಡಿದುಕೊಂಡು ಒಂದು ಗಳಿಗೆ ಹಾಗೇ ಕೂತಿರುತ್ತಿದ್ದ. ಆಗೆಲ್ಲ "ಏಳೋ ಮುದುಕಾ, ರೇಸು ಹೋಗ್ತಿದೆ," ಎಂದು ಕೈಹಿಡಿದು ಎಳೆಯುತ್ತಿದ್ದವನು ತಾನು. ಒಂದು ಸ್ಪ್ಯಾನರು, ಅರ್ಧ ಗಂಟೆಯ ಕೆಲಸ. ಒಂದು ಮೊಣಕಾಲು ಉಳಿಯುತ್ತಿತ್ತು. ತಾನು ಕೇಳಲೇ ಇಲ್ಲ.

ಅವನು ನಿಧಾನಕ್ಕೆ ಬೇಲಿಯ ಹತ್ತಿರ ಬಂದು ಬೈಕು ನಿಲ್ಲಿಸಿದ. ಹೆಲ್ಮೆಟ್ ತೆಗೆಯಲಿಲ್ಲ, ಗಾಜನ್ನಷ್ಟೇ ಎತ್ತಿದ.

"ಎಷ್ಟು ಬಂತು ಕಾರ್ನಿ?"

ಕಾರ್ನಿ ವಾಚು ನೋಡಿದ. ಆಮೇಲೆ ಅವನ ಮುಖ ನೋಡಿದ.

"ಒಂದೂವರೆ ಸೆಕೆಂಡು ಹೋಯ್ತಲ್ಲೋ. ಈ ಹುಡುಗಿಗೆ ಬೇಕಾದ್ರೆ ಇಳಿಸೇ ಇಡು, ಪಾಪ. ಆದ್ರೆ ಆವಾಗ ನಾವು ಮಾಡಿದ್ದೇ ಸರಿ ಇತ್ತು ಕಣೋ."

ಸ್ಲಾವ್ಕೋ ನೋಡಲೆಂದು ಬಗ್ಗಿದ. ಅಷ್ಟರಲ್ಲಿ ಕಾರ್ನಿ ಹೆಬ್ಬೆರಳಿನಿಂದ ಗುಂಡಿ ಒತ್ತಿ ವಾಚನ್ನು ಸೊನ್ನೆಗೆ ತಂದಿದ್ದ.